ಒಂದು ಹನಿಯೂ ಬರದ ಹಾಗೆ

ನನ್ನ ಅಕ್ಕನ ಗಂಡ ಹೊಳೆಯ ಪಾಲಾದ ಎಂದು ಐರಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೊಳೆ ಪಾಪ, ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಅವನ ಸಾವಿಗೆ ಕಾರಣ ನಾನು. ಗಿರಾಕಿಗಳ ಬಾಯಿ ಮುಚ್ಚಿಸಲು ಅಂಗಡಿಯಲ್ಲಿ ಕಲಿತ ಒಂದು ಕೆಟ್ಟ ಚಾಳಿ ಕಾರಣ.

ರಾಣೇಬೆನ್ನೂರಿನಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಪಂಪಿನಲ್ಲಿ ತಿರುಗುವ ಕಬ್ಬಿಣದ ಸರಳು, ಅಂದರೆ ಶಾಫ್ಟು, ಹೊರಗೆ ಬರುವ ಕಡೆ ನೀರು ಸೋರದಿರಲಿ ಎಂದು ಸುತ್ತಲೂ ಒಂದು ಬಟ್ಟಲು ಇರುತ್ತದೆ. ಅದರೊಳಗೆ ಗ್ರೀಸು ತಿಂದ ನೂಲಿನ ಹಗ್ಗವನ್ನು ಉಂಗುರ ಮಾಡಿ ತುರುಕುತ್ತೇವೆ, ಮೇಲೆ ಮುಚ್ಚಳ ಕೂರಿಸಿ ಎರಡು ನಟ್ಟು ಬಿಗಿಯುತ್ತೇವೆ. ಬಟ್ಟಲಿಗೆ ಗ್ಲ್ಯಾಂಡ್ ಎನ್ನುತ್ತಾರೆ, ಹಗ್ಗಕ್ಕೆ ಗ್ಲ್ಯಾಂಡ್ ರೋಪ್. ಇದನ್ನು ಪೂರ್ತಿ ಒಣಗಿಸಬಾರದು. ಶಾಫ್ಟು ತಿರುಗುವಾಗ ಅಲ್ಲಿಂದ ಒಂದೊಂದು ಹನಿ ಬೀಳುತ್ತಿರಬೇಕು, ಆ ಹನಿಯೇ ಅದನ್ನು ತಣ್ಣಗಿಡುತ್ತದೆ. ಹನಿ ನಿಂತರೆ ಹಗ್ಗ ಉಜ್ಜಿ ಉಜ್ಜಿ ಸುಡುತ್ತದೆ. ಕೆಲಸ ಕಲಿತ ಮೊದಲ ವಾರವೇ ನನಗೆ ಇದು ಗೊತ್ತಿತ್ತು.

ಗಿರಾಕಿಗೆ ಮಾತ್ರ ಗೊತ್ತಿರುವುದಿಲ್ಲ. ಒಮ್ಮೆ ಕದರಮಂಡಲಗಿಯ ಒಬ್ಬ ಯಜಮಾನರು ರಿಪೇರಿ ಆದ ಪಂಪನ್ನು ಅದೇ ದಿನ ಟಂಟಂ ಗಾಡಿಯಲ್ಲಿ ವಾಪಸು ಹೇರಿಕೊಂಡು ಬಂದರು. "ಸೋರೋದನ್ನ ನಿಲ್ಲಸ್ ಅಂದ್ರ ಸೋರೋದನ್ನ ಕೊಟ್ಟ್ ಕಳಿಸೀಯಲ್ಲೋ, ನೀ ಎಂಥಾ ಮಿಸ್ತ್ರಿ?" ಎಂದು ಅಂಗಡಿ ತುಂಬ ಜನರ ಎದುರು ನನ್ನ ಮರ್ಯಾದೆ ತೆಗೆದರು. ನಾನೂ ಸಿಟ್ಟಿನ ಮನುಷ್ಯ. ಹನಿ ಯಾಕೆ ಬೇಕು ಎಂದು ಅವರಿಗೆ ಹೇಳಲು ಹೋಗಲಿಲ್ಲ. ಪಾನಾ ತೆಗೆದುಕೊಂಡು ನಟ್ಟು ಬಿಗಿದೆ, ಹನಿ ನಿಂತಿತು, ಅವರು ಖುಷಿಯಾಗಿ ಹೋದರು. ಅವತ್ತಿನಿಂದ ಅದೇ ರೂಢಿಯಾಯಿತು. ಗಿರಾಕಿಯ ಎದುರು ಒಣಗಿಸಿ ಕೊಡುವುದು, ನಾಲ್ಕು ದಿನ ಬಿಟ್ಟು ಆ ಕಡೆ ಹೋದಾಗ ಅವನ ಕಣ್ಣು ತಪ್ಪಿಸಿ ಅರ್ಧ ಸುತ್ತು ಸಡಿಲ ಮಾಡುವುದು. ಹೋಗಲು ಆಗದಿದ್ದರೆ ಹಗ್ಗ ಸುಡುತ್ತದೆ, ಪಂಪು ನಿಲ್ಲುತ್ತದೆ, ಅವನು ಮತ್ತೆ ನನ್ನ ಅಂಗಡಿಗೇ ಬರುತ್ತಾನೆ. ಹೊಲದಲ್ಲಿ ಇದರಿಂದ ಯಾರೂ ಸಾಯುವುದಿಲ್ಲ.

ಅಕ್ಕ ಮತ್ತು ನಾನು ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರು. ಮೆಣಸಿನಕಾಯಿಯ ಘಾಟಿನಲ್ಲಿ ಬೆಳೆದವರಿಗೆ ಸೀನುವುದು ಬರುತ್ತದೆ, ಈಜು ಎಲ್ಲಿಂದ ಬರಬೇಕು? ಅಂಥವಳನ್ನು ತುಂಗಭದ್ರೆಯ ದಂಡೆಯ ಐರಣಿಗೆ, ಅದೂ ದೋಣಿ ನಡೆಸುವವನಿಗೆ ಕೊಟ್ಟರು. ಕಬ್ಬಿಣದ ತಗಡಿನ ದೋಣಿ. ನಡುವೆ ಹಳೆಯ ಡೀಸೆಲ್ ಪಂಪಿನ ಇಂಜಿನ್ನು ಕೂರಿಸಿದ್ದರು. ಅದರಿಂದ ಉದ್ದನೆಯ ಶಾಫ್ಟು ದೋಣಿಯ ಹಿಂಭಾಗ ತೂರಿ ನೀರಿಗಿಳಿದು ತುದಿಯಲ್ಲಿ ಫ್ಯಾನು ತಿರುಗಿಸುತ್ತಿತ್ತು. ಆಚೆ ದಂಡೆಯಲ್ಲಿ ಹೊಲ ಇರುವವರು, ಮೇವಿನ ಹೊರೆ, ಒಂದೆರಡು ಮೋಟರ್ ಸೈಕಲ್ಲು, ಇವನ್ನು ದಾಟಿಸುವುದು ಮಾವನ, ಅಂದರೆ ಅಕ್ಕನ ಗಂಡನ, ಕೆಲಸ. ಸೇತುವೆ ಸುತ್ತಿ ಹೋದರೆ ಅರ್ಧ ದಿನ ಹಾಳು.

ಶಾಫ್ಟು ದೋಣಿಯಿಂದ ಹೊರಬೀಳುವ ಕಡೆ ಪಂಪಿನಲ್ಲಿ ಇರುವಂಥದ್ದೇ ಗ್ಲ್ಯಾಂಡು. ಅದು ಸವೆದು ನೀರು ಒಳಗೆ ಸಣ್ಣ ಧಾರೆಯಾಗಿ ಬರುತ್ತಿತ್ತು. ಕಾಲ ಕೆಳಗಿನ ಹಲಗೆ ಎತ್ತಿ, ಎಣ್ಣೆಯ ತಗಡಿನ ಡಬ್ಬಿಯಿಂದ ಆ ನೀರನ್ನು ಮೊಗೆದು ಹೊಳೆಗೆ ಚೆಲ್ಲುವುದು ಅಕ್ಕನ ಪಾಲಿಗೆ ಬಂದಿತ್ತು. ಈಜು ಬಾರದವಳು ದಿನಕ್ಕೆ ಹತ್ತು ಸಲ ಹೊಳೆ ದಾಟುತ್ತಿದ್ದಳು, ಬರೀ ನೀರು ಚೆಲ್ಲುವುದಕ್ಕೆ.

ಆಷಾಢದಲ್ಲಿ ಹೊಳೆಗೆ ಕೆಂಪು ನೀರು ಬರುತ್ತಿದ್ದಂತೆ ಅವಳು ಫೋನ್ ಮಾಡಿ ಕರೆದಳು. ನಾನು ಹೋದಾಗ ಮಾವ ದೋಣಿಯ ಅಂಚಿನ ಮೇಲೆ ಕೂತಿದ್ದ.

"ಏನಪಾ ಇಂಜಿನಿಯರ್ರ, ಊರ ಮಂದಿ ಪಂಪ್ ಎಲ್ಲಾ ಮುಗದ್ವೇನು? ನಮ್ಮ ಪಾಳಿ ಬಂತಲ್ಲ, ಪುಣ್ಯಾ" ಎಂದು ನಕ್ಕ. ಬಾಯಿ ತುಂಬ ನಗುವವನು, ಹೆಗಲ ಮೇಲೆ ಯಾವಾಗಲೂ ಒಂದು ಹಸಿರು ಟವೆಲ್ಲು.

ಅಕ್ಕ ನಗಲಿಲ್ಲ. "ಒಂದ್ ಹನೀನೂ ಬರಬಾರ್ದು ನೋಡು ತಮ್ಮಾ. ಮೊಗದು ಮೊಗದು ನನ್ನ ರಟ್ಟಿ ಬಿದ್ದು ಹೋಗ್ಯಾವ" ಎಂದಳು.

ದೋಣಿಯನ್ನು ದಂಡೆಗೆ ಎಳೆದು ಕೆಲಸ ಮಾಡಿದೆ. ಮುಚ್ಚಳ ಹಿಂದೆ ಸರಿಸಿ, ಸೈಕಲ್ಲಿನ ಕಡ್ಡಿಯ ತುದಿ ಬಗ್ಗಿಸಿ ಹಳೆಯ ಹಗ್ಗವನ್ನು ಕೆದಕಿ ತೆಗೆದೆ. ಹೊಸ ಹಗ್ಗವನ್ನು ಶಾಫ್ಟಿಗೆ ಸುತ್ತಿ ಅಳತೆ ಹಿಡಿದು ಓರೆಯಾಗಿ ಕತ್ತರಿಸಿದೆ. ಐದು ಉಂಗುರ. ಒಂದರ ಸಂದು ಮೇಲೆ ಬಂದರೆ ಇನ್ನೊಂದರ ಸಂದು ಕೆಳಗೆ ಬರುವ ಹಾಗೆ ಒಂದೊಂದನ್ನೇ ಬಡಿದು ಕೂರಿಸಿದೆ. ಕೆಲಸ ಚೊಕ್ಕಟವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ದೋಣಿಯನ್ನು ನೀರಿಗೆ ಇಳಿಸಿ ಇಂಜಿನ್ನು ಶುರು ಮಾಡಿದೆವು. ಗ್ಲ್ಯಾಂಡಿನಿಂದ ಒಂದು ಹನಿ ಬಿತ್ತು, ಸ್ವಲ್ಪ ತಡೆದು ಇನ್ನೊಂದು. ಸರಿಯಾಗಿ ಎಷ್ಟು ಬೇಕೋ ಅಷ್ಟು.

ಅಕ್ಕ ಬಗ್ಗಿ ಆ ಹನಿಗೆ ಬೆರಳು ಹಿಡಿದಳು. "ಇನ್ನೂ ಬರಾಕತ್ತೈತಲ್ಲೋ" ಎಂದಳು. ಅವಳ ಮುಖ ಸಣ್ಣದಾಯಿತು.

ಅವಳಿಗಾದರೂ ಹೇಳಬಹುದಿತ್ತು. ಅವಳು ಗಿರಾಕಿಯಲ್ಲ, ನನ್ನನ್ನು ಎತ್ತಿ ಆಡಿಸಿದವಳು. ಆದರೆ ಕೈಗೆ ರೂಢಿಯಾದದ್ದು ಬಾಯಿಗಿಂತ ಮುಂಚೆ ಓಡಿತು. "ನಿಲ್ಲಸ್ತೀನಿ ತಡೀಯಕ್ಕಾ" ಎಂದೆ. ಎರಡೂ ನಟ್ಟು ಬಿಗಿದೆ. ಹನಿ ನಿಂತಿತು. ಅಕ್ಕ ಆ ಜಾಗವನ್ನು ಸೆರಗಿನಿಂದ ಒರೆಸಿ ನೋಡಿದಳು, ಸೆರಗು ಒಣಗಿಯೇ ಇತ್ತು. ಎಷ್ಟೋ ವರ್ಷಗಳ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನೋಡಿದೆ. ಡಬ್ಬಿಯನ್ನು ಕೈಗೆತ್ತಿಕೊಂಡು, "ಇನ್ನ ಇದನ್ನ ಕೋಳಿಗೆ ನೀರಿಡಾಕ ಒಯ್ತೀನಿ" ಎಂದು ಮನೆಗೆ ಹೊರಟಳು. ನನಗೂ ಹೆಮ್ಮೆಯಾಯಿತು. ರೊಟ್ಟಿ, ಝುಣಕ ಉಂಡು ಊರಿಗೆ ಬಂದೆ. ಸೋಮವಾರ ಹೋಗಿ ಅರ್ಧ ಸುತ್ತು ಸಡಿಲ ಮಾಡಿದರಾಯಿತು ಎಂದುಕೊಂಡಿದ್ದೆ.

ಮೂರನೆಯ ದಿನ ಮಾವ ಫೋನ್ ಮಾಡಿದ. "ಹಲಗಿ ಕೆಳಗ ಏನೋ ಸುಟ್ಟ ವಾಸನಿ ಬರಾಕತ್ತೈತಿ ನೋಡಪಾ."

"ಹೊಸಾ ರೋಪ್ ಐತಿ ಮಾಮಾ, ಒಂದೆರಡ ದಿನ ಹಂಗ. ಸೋಮವಾರ ಬಂದು ನೋಡ್ತೀನಿ" ಎಂದೆ.

"ಆತು ಬಾ. ನೀರಂತೂ ಬರಂಗಿಲ್ಲ. ನಿಮ್ಮಕ್ಕ ಮನ್ಯಾಗ ಆರಾಮ ಕುಂತಾಳ."

ಎರಡು ನಟ್ಟನ್ನು ಅರ್ಧರ್ಧ ಸುತ್ತು ಸಡಿಲ ಮಾಡು ಎಂದಿದ್ದರೆ ಅವನೇ ಮಾಡುತ್ತಿದ್ದ. ಎರಡು ನಿಮಿಷದ ಕೆಲಸ. ಹೇಳಲಿಲ್ಲ. ಹೇಳಿದರೆ ಮೊದಲೇ ಯಾಕೆ ಹಾಗೆ ಬಿಗಿದೆ ಎಂದು ಕೇಳುತ್ತಾನೆ, ಇಂಜಿನಿಯರ್ರ ಎಂದು ಇನ್ನಷ್ಟು ಕಾಡುತ್ತಾನೆ. ಬರೀ ಇಷ್ಟಕ್ಕೇ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ.

ಭಾನುವಾರ ಮಧ್ಯಾಹ್ನ ಮಾವ ಆಚೆ ದಂಡೆಯಿಂದ ನಾಲ್ಕು ಜನರನ್ನೂ ಮೇವಿನ ಹೊರೆಗಳನ್ನೂ ಹೇರಿಕೊಂಡು ಬರುತ್ತಿದ್ದ. ಹಗ್ಗ ಸುಟ್ಟು ಪುಡಿಯಾಗಿತ್ತು. ನೀರು ಹಲಗೆಯ ಕೆಳಗೆ ತುಂಬುತ್ತಾ ಬಂದದ್ದು ಯಾರಿಗೂ ಕಾಣಲಿಲ್ಲ. ಸೋರುವ ದೋಣಿಯಾಗಿದ್ದರೆ ಅಕ್ಕ ಹಲಗೆ ಎತ್ತಿಕೊಂಡೇ ಕೂತಿರುತ್ತಿದ್ದಳು. ಸೋರದ ದೋಣಿಯ ಹಲಗೆಯನ್ನು ಯಾರು ಎತ್ತುತ್ತಾರೆ? ನಡು ಹೊಳೆಯಲ್ಲಿ ಕಾಲು ತೊಯ್ದಾಗಲೇ ಅವರಿಗೆ ಗೊತ್ತಾದದ್ದು. ಅಷ್ಟರಲ್ಲಿ ಇಂಜಿನ್ನು ನಿಂತಿತು. ಮಾವ ಹಲಗೆ ಕಿತ್ತೆಸೆದು ಕೆಳಗಿಳಿದ. ಹೆಗಲ ಮೇಲಿನ ಟವೆಲ್ಲನ್ನು ಗ್ಲ್ಯಾಂಡಿನ ಸಂದಿಗೆ ತುರುಕುತ್ತಾ, "ಡಬ್ಬಿ ಎಲ್ಲೈತಿ? ಡಬ್ಬಿ ಕೊಡ್ರಿ, ನೀರು ಚೆಲ್ರಿ" ಎಂದು ಕೂಗುತ್ತಿದ್ದನಂತೆ. ಡಬ್ಬಿ ಇರಲಿಲ್ಲ. ಮೇವು ನೀರು ಕುಡಿದು ಒಂದು ಕಡೆ ವಾಲಿತು, ದೋಣಿ ಮಗುಚಿತು. ಮೀನು ಹಿಡಿಯುವವರು ಹರಿಗೋಲಿನಲ್ಲಿ ಬಂದು ನಾಲ್ವರನ್ನು ಎತ್ತಿಕೊಂಡರು. ಮಾವನಿಗೆ ಚೆನ್ನಾಗಿ ಈಜು ಬರುತ್ತಿತ್ತು, ಆದರೆ ಅವನು ದೋಣಿಯ ಒಳಗೆ ಬಗ್ಗಿದ್ದ. ಮರುದಿನ ಕೆಳಗಡೆ ಜಾಲಿಯ ಗಿಡಗಳಲ್ಲಿ ಸಿಕ್ಕ.

ಫೋನು ಬಂದ ಕ್ಷಣವೇ ಕಾರಣ ನನಗೆ ಗೊತ್ತಾಯಿತು. ಮಣ್ಣು ಮಾಡುವಾಗ, ಒಂಬತ್ತನೆಯ ದಿನಕ್ಕೆ, ಬಂದವರ ಎದುರು ಕೈಮುಗಿದು ನಿಂತಾಗ, ನಟ್ಟು ಬಿಗಿದ ಮಾತು ಎತ್ತಲಿಲ್ಲ. ಉಳಿದು ಬಂದ ನಾಲ್ವರು ಅಂಗಳದಲ್ಲಿ ಕೂತು ಅವನು ಡಬ್ಬಿಗಾಗಿ ಕೂಗಿದ್ದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅಕ್ಕ ಗೋಡೆಗೆ ಒರಗಿ ಕೇಳುತ್ತಿದ್ದಳು.

ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ ದೋಣಿಯನ್ನು ಎಳೆದು ಹಾಕಿದರು. ಎಲ್ಲರಿಗಿಂತ ಮುಂಚೆ ನಾನು ಹೋದೆ. ಹಸಿರು ಟವೆಲ್ಲು ಇನ್ನೂ ಗ್ಲ್ಯಾಂಡಿನ ಸಂದಿಯಲ್ಲೇ ಇತ್ತು. ನಟ್ಟುಗಳು ನಾನು ಬಿಗಿದಲ್ಲೇ ಇದ್ದವು. ಒಳಗಿನ ಹಗ್ಗ ಕರ್ರಗೆ ಇದ್ದಿಲಾಗಿತ್ತು. ಅದನ್ನು ಕೆದಕಿ ಹೊಳೆಗೆ ಎಸೆದೆ. ಹಾವೇರಿಯಿಂದ ವಿಚಾರಣೆಗೆ ಬಂದ ಇಬ್ಬರು ಅಧಿಕಾರಿಗಳು, ನಾನು ಮಿಸ್ತ್ರಿ ಎಂದು ತಿಳಿದು, ಏನಾಗಿರಬಹುದು ಎಂದು ನನ್ನನ್ನೇ ಕೇಳಿದರು. "ಹಳೇ ದೋಣಿರಿ ಸಾಹೇಬ್ರ. ಹೊಳಿನೂ ಬಾಳ ಬಂದಿತ್ತು" ಎಂದೆ. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ಅವಳು ಮಾತು ಕಡಿಮೆ ಮಾಡಿದಳು. ಊಟ ಬಿಟ್ಟಳು. ಇದ್ದ ಕೋಳಿಗಳನ್ನೆಲ್ಲ ಒಂದು ದಿನ ನೆರೆಯವರಿಗೆ ಕೊಟ್ಟುಬಿಟ್ಟಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ, ದುಃಖದಲ್ಲಿರುವವರು ಏನೇನೋ ಮಾಡುತ್ತಾರೆ ಎಂದು ನಾನೂ ಬಿಟ್ಟೆ. ವಾರಕ್ಕೊಮ್ಮೆ ಹೋಗಿ ಕಾಳು ಕಡಿ ಇಟ್ಟು, ಅರ್ಧ ತಾಸು ಅವಳ ಎದುರು ಕೂತು ಬರುತ್ತಿದ್ದೆ. ಒಳ್ಳೆಯ ತಮ್ಮ ಎಂದು ಐರಣಿಯವರು ನನ್ನನ್ನು ಹೊಗಳುತ್ತಿದ್ದರು.

ಯುಗಾದಿ ಆದ ಮೇಲೆ ಅವಳೇ ಫೋನ್ ಮಾಡಿದಳು. "ದೋಣಿ ರಿಪೇರಿ ಮಾಡಿ ಕೊಡು. ನಾನ ನಡಸ್ತೀನಿ."

ಬೇಡ ಎಂದು ಹೇಳಲು ನನಗೆ ಯಾವ ಮುಖವಿತ್ತು? ಇಂಜಿನ್ನನ್ನು ಬಿಚ್ಚಿ ಹೂಳು ತೊಳೆದು ಮತ್ತೆ ಕೂರಿಸಿದೆ, ಶಾಫ್ಟನ್ನು ರಾಣೇಬೆನ್ನೂರಿಗೆ ತಂದೆ. ಹಗ್ಗ ಸುಟ್ಟ ಕಡೆ ಅದರ ಮೇಲೆ ಬೆರಳಿಗೆ ಸಿಗುವಷ್ಟು ಆಳದ ಗೆರೆ ಬಿದ್ದಿತ್ತು. ಅದನ್ನು ಬಿಟ್ಟು ಲೇತಿನವನ ಹತ್ತಿರ ಹೊಸದೇ ಮಾಡಿಸಿದೆ. ಮತ್ತೆ ಐದು ಉಂಗುರ ಕತ್ತರಿಸಿದೆ, ಮತ್ತೆ ಒಂದೊಂದನ್ನೇ ಕೂರಿಸಿದೆ. ನಟ್ಟನ್ನು ಪಾನಾ ಹಾಕದೆ ಬೆರಳಿನಿಂದಲೇ ತಿರುಗಿಸಿ ಬಿಟ್ಟೆ, ಆಮೇಲೆ ಪಾನಾದಿಂದ ಸ್ವಲ್ಪ ಸ್ವಲ್ಪ. ದೋಣಿ ನೀರಿಗಿಳಿಯಿತು. ಅಕ್ಕನೇ ಹ್ಯಾಂಡಲ್ ಹಾಕಿ ಇಂಜಿನ್ನು ಶುರು ಮಾಡಿದಳು. ಹನಿ ಬೀಳತೊಡಗಿತು.

ಅವಳು ಬಗ್ಗಿ ನೋಡಿದಳು.

"ಅವತ್ತ ಒಂದ್ ಹನೀನೂ ಬಂದಿದ್ದಿಲ್ಲ. ಇವತ್ತ ಯಾಕ ಬರಾಕತ್ತೈತಿ?" ಎಂದು ಕೇಳಿದಳು. ನಾನು ಕೆಳಗಿಟ್ಟಿದ್ದ ಪಾನಾ ಅವಳ ಕೈಯಲ್ಲಿತ್ತು.

ಏನೋ ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಸುಳ್ಳು ಹೇಳಿ ಹೋದರೆ ನಾಳೆ ಅವಳೇ ಆ ಪಾನಾದಿಂದ ನಟ್ಟು ಬಿಗಿಯುತ್ತಾಳೆ. ಈಜು ಬಾರದವಳು.

"ಬರಬೇಕಕ್ಕಾ. ಹನಿ ಬೀಳ್ಲಿಲ್ಲಂದ್ರ ಒಳಗಿನ ಹಗ್ಗ ಸುಡ್ತೈತಿ. ಅವತ್ತೂ ಬರಬೇಕಿತ್ತು. ನಾ ಬಿಗದೆ. ಗೊತ್ತಿದ್ದೂ ಬಿಗದೆ" ಎಂದೆ. ಮಾವನ ಫೋನಿನ ವಿಷಯ ಹೇಳಿದೆ, ಸುಟ್ಟ ಹಗ್ಗವನ್ನು ಹೊಳೆಗೆ ಎಸೆದದ್ದನ್ನು ಹೇಳಿದೆ, ಹಾವೇರಿಯವರಿಗೆ ಹೇಳಿದ ಸುಳ್ಳನ್ನು ಹೇಳಿದೆ.

ಅಕ್ಕ ಇಂಜಿನ್ನು ನಿಲ್ಲಿಸಿದಳು. ಬೈಯಲಿ, ಆ ಪಾನಾದಿಂದಲೇ ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ.

"ಡಬ್ಬಿ ನಾ ಒಯ್ದಿದ್ನಿ. ಅವ್ರು ಡಬ್ಬಿ ಡಬ್ಬಿ ಅಂತ ಒದರಿದ್ರಂತ, ಅದು ನಮ್ಮ ಕೋಳಿ ಮುಂದ ಇತ್ತು" ಎಂದಳು. ದನಿ ಏರಿಸಲಿಲ್ಲ. "ನಾನ ಕೊಂದೀನಿ ಅಂತ ತಿಳ್ಕೊಂಡು ಇಷ್ಟ ತಿಂಗಳ ಒಂದ್ ದಿನಾ ನಿದ್ದಿ ಮಾಡಿಲ್ಲ. ಕೋಳಿ ನೋಡಾಕ ಆಗವಲ್ದು ಅಂತ ಕೊಟ್ಟ್ ಬಿಟ್ಟೆ. ನೀ ವಾರಾವಾರ ಬಂದು ನನ್ನ ಮುಂದ ಕುಂತು ನೋಡಿ ಹೋಗ್ತಿದ್ದಿ."

ಒಬ್ಬನನ್ನು ಕೊಂದದ್ದು ಕೈಯ ರೂಢಿಯಿಂದ ಎಂದು ಹೇಗೋ ಹೇಳಿಕೊಳ್ಳಬಹುದು. ಅವಳನ್ನು ಮಾತ್ರ ನಾನು ವಾರವಾರವೂ ಎದುರಿಗೆ ಕೂತು ಕೊಂದಿದ್ದೆ.

"ಎಷ್ಟ ಹನಿ ಬೀಳಬೇಕು?" ಎಂದು ಕೇಳಿದಳು.

ಶಾಫ್ಟು ತಿರುಗುವಾಗ ಒಂದರಿಂದ ನಾಲ್ಕು ಎಣಿಸುವಷ್ಟರಲ್ಲಿ ಒಂದು ಹನಿ, ನಿಂತಾಗ ಒಂದೂ ಬೇಡ, ಗ್ಲ್ಯಾಂಡಿನ ಮೇಲೆ ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು ಎಂದು ಹೇಳಿಕೊಟ್ಟೆ. ಅವಳು ಮತ್ತೆ ಇಂಜಿನ್ನು ಶುರು ಮಾಡಿ, ಅಂಗೈಯನ್ನು ಹನಿಯ ಕೆಳಗೆ ಹಿಡಿದು, ಬಾಯಲ್ಲಿ ಎಣಿಸುತ್ತಾ ಕೂತಳು. "ಪಾನಾ ಇಲ್ಲೇ ಇರ್ಲಿ. ನೀ ಹೋಗು" ಎಂದಳು.

ಅಂಗಡಿಯಲ್ಲಿ ಈಗ ಗಿರಾಕಿ ಎಷ್ಟೇ ಕೂಗಾಡಿದರೂ ಹನಿ ಬಿಟ್ಟೇ ಕೊಡುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗಿದ್ದಾರೆ, ಹೋಗಲಿ.

ಈ ಸಲ ಪಂಚಮಿಗೆ ತವರಿನವನಾಗಿ ಅವಳನ್ನು ಕರೆಯಲು ಐರಣಿಗೆ ಹೋದೆ. ಹೊಳೆ ಇನ್ನೂ ತುಂಬಿರಲಿಲ್ಲ. ಅವಳು ಆಚೆ ದಂಡೆಗೆ ಹೊರಟಿದ್ದಳು, ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದೋಣಿ ಹತ್ತಿ ಉಳಿದವರ ಜೊತೆ ಕೂತೆ. ಗ್ಲ್ಯಾಂಡಿನ ಮೇಲಿನ ಹಲಗೆಯನ್ನು ತೆಗೆದೇ ಇಟ್ಟಿದ್ದಳು. ಅದೇ ಎಣ್ಣೆಯ ಡಬ್ಬಿಯ ಕಂಠಕ್ಕೆ ತೂತು ಕೊರೆದು, ಸರಪಳಿ ಹಾಕಿ ದೋಣಿಯ ಅಂಚಿಗೆ ಬಿಗಿದಿದ್ದಳು. ನಡು ಹೊಳೆಯಲ್ಲಿ ತಳದ ನೀರು ಸ್ವಲ್ಪ ಹೆಚ್ಚಾದಂತೆ ಕಂಡಿತು. ಮೊಗೆದು ಚೆಲ್ಲೋಣ ಎಂದು ನಾನು ಡಬ್ಬಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ" ಎಂದಳು ಅಕ್ಕ.