ಆಯಿಯ ಕೌದಿಗೆ ನವಿಲು ಬಂದದ್ದು

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ ನನಗೆ ಹನ್ನೆರಡು ತುಂಬಿತ್ತು. ಸೇಡಂಗೆ ಕೊಟ್ಟಿದ್ದ ನನ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ಶಹಾಬಾದಿನ ನಮ್ಮ ಮನೆಗೆ ಬಂದಿದ್ದಳು. ಅವಳು ಬಂದ ದಿನವೇ ಆಯಿ, ಅಂದರೆ ಅಪ್ಪನ ತಾಯಿ, ಹಳೇ ಬಟ್ಟೆಯ ಗಂಟು ಬಿಚ್ಚಿ ಕೂತಳು. ಹುಟ್ಟುವ ಕೂಸಿಗೊಂದು ಕೌದಿ ಹೊಲಿಯಬೇಕು.

ನಮ್ಮ ಓಣಿಯ ಕೌದಿಗಳಲ್ಲಿ ಚೌಕ, ತ್ರಿಕೋನಗಳಷ್ಟೇ ಇರುತ್ತಿದ್ದವು. ಆಯಿ ಹೊಲಿದದ್ದೂ ಹಾಗೆಯೇ. ಈ ಸಲ ಏನನ್ನಿಸಿತೋ, ತೀರಿಕೊಂಡಿದ್ದ ಅಜ್ಜನ ಧೋತರ ಕೈಗೆ ಬಂದಾಗ ಅದನ್ನು ಮಡಿಲಲ್ಲಿ ಹರವಿಕೊಂಡು ಅಂಗೈಯಿಂದ ಸುಕ್ಕು ತೀಡಿದಳು. ಆಮೇಲೆ ಕತ್ತರಿ ಹಾಕಿ, ನೋಡನೋಡುತ್ತ ಉದ್ದ ಕಾಲಿನ ಒಂದು ಬೆಳ್ಳಕ್ಕಿ ತೆಗೆದಳು.

“ನಿಮ್ಮಜ್ಜ ನೋಡು. ಕಲ್ಲಿನ ಖಣಿಯಾಗ ನೀರು ನಿಂತರ ಹಿಂಗೇ ಕಾಲೆತ್ತಿ ಎತ್ತಿ ನಡೀತಿದ್ದ,” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ನನಗೆ ಕುಣಿಯುವಷ್ಟು ಖುಷಿಯಾಯಿತು. “ಆಯಿ, ಎಲ್ಲಾರ್ನೂ ಮಾಡು!” ಎಂದು ಗಂಟುಬಿದ್ದೆ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದ ಅಪ್ಪನ ಖಾಕಿ ಅಂಗಿ ಮೊಲವಾಯಿತು. ಕಾರ್ಖಾನೆಯ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಕೂಗುತ್ತಲೇ ಅಪ್ಪ ಊಟ ಬಿಟ್ಟು ಜಿಗಿದು ಓಡುತ್ತಿದ್ದದ್ದು ಹಾಗೇ ಇತ್ತು. ಅವ್ವನ ಅರಿಶಿನ ಬಣ್ಣದ ಸೀರೆ ಕೋಳಿಯಾಯಿತು, ಅದರ ಹಿಂದೆ ಒಂದು ಮರಿ. ಮರಿ ನಾನಂತೆ. ಪಕ್ಕದ ಮನೆಯಲ್ಲಿ ಮಷೀನಿನ ಮೇಲೆ ಜಂಪರ್ ಹೊಲಿಯುತ್ತಿದ್ದ, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ಮುಸ್ಲಿಂ ಹೆಂಗಸು ಒಂದು ಉಡಿ ಹಸಿರು ಚಿಂದಿ ತಂದು ಸುರಿದರು. ಅದು ಅಂಗಳದ ಬೇವಿನ ಮರಕ್ಕಾಯಿತು.

“ನಾ ನವಿಲ ಆಗಬೇಕು ಆಯಿ,” ಎಂದಳು ಅಕ್ಕ.

ಆಯಿ ಎರಡು ದಿನ ಹೆಣಗಿ ನವಿಲು ಕತ್ತರಿಸಿದಳು. ಅಕ್ಕ ಅದನ್ನು ಎತ್ತಿ ಹಿಡಿದು ನೋಡಿದಳು. “ಇದು ನವಿಲಲ್ಲ, ಬಾಲ ಬಂದ ಕೋಳಿ!”

ಎಲ್ಲರೂ ನಕ್ಕರು, ಆಯಿಯೊಬ್ಬಳನ್ನು ಬಿಟ್ಟು. “ನಾ ಯಾವತ್ತ ನೋಡೀನಿ ನವಿಲ? ಚಿಂಚೋಳಿ ಕಡಿ ಭಾಳ ಅದಾವಂತ. ಹೋಗಿ ಕಣ್ಣಾರೆ ನೋಡ್ಕೊಂಡೇ ಬರ್ತೀನಿ,” ಎಂದಳು. ಅಪ್ಪ ತಮಾಷೆ ಎಂದುಕೊಂಡ. ಮರುದಿನ ಬೆಳಿಗ್ಗೆ ನೋಡಿದರೆ ಆಯಿ ಸಂದೂಕದಲ್ಲಿದ್ದ ಒಂದೇ ಒಂದು ಒಳ್ಳೆಯ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತನ್ನ ಮಗಳ ಮದುವೆಯಲ್ಲಿ ಬೀಗರು ಆಯೇರಿಯಾಗಿ ಕೊಟ್ಟಿದ್ದ ಆ ಸೀರೆ ನೀಲಿಯೂ ಅಲ್ಲ, ಹಸಿರೂ ಅಲ್ಲ. ಜೊತೆಗೆ ನನ್ನನ್ನು ಕರೆದುಕೊಂಡಳು.

ಶಹಾಬಾದಿನಲ್ಲಿ ರೈಲು ಹತ್ತಿ ವಾಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿದೆವು. ಚಿತ್ತಾಪುರ ದಾಟುವಾಗ ಜೂನಿನ ಮಿರಗದ ಮಳೆಗೆ ಹದವಾದ ಕರಿ ಹೊಲಗಳು ಕಿಟಕಿಯ ತುಂಬ ಓಡುತ್ತಿದ್ದವು. ನಾನು ಬಾಗಿಲ ಬಳಿಗೆ ಹೋಗದಂತೆ ಆಯಿ ನನ್ನ ಲಂಗದ ಚುಂಗು ಹಿಡಿದೇ ಕೂತಿದ್ದಳು. ಸೇಡಂನಲ್ಲಿ ಇಳಿದು ಚಿಂಚೋಳಿಯ ಬಸ್ಸು ಹತ್ತಿದೆವು. ಅಲ್ಲಿ ಕಾಡಿನ ಮಗ್ಗುಲ ಹಳ್ಳಿಯಲ್ಲಿ ನನ್ನ ಅತ್ತೆಯ, ಅಂದರೆ ಆಯಿಯ ಮಗಳ, ಮನೆ. ಬಾಗಿಲಲ್ಲಿ ತಾಯಿಯನ್ನು ಕಂಡ ಅತ್ತೆ ಗಾಬರಿಯಾದಳು. “ಏನವ್ವಾ, ಎಲ್ಲಾರೂ ಆರಾಮ ಅದಾರಿಲ್ಲೋ?”

“ಎಲ್ಲಾರೂ ಆರಾಮ. ನವಿಲ ನೋಡಾಕ ಬಂದೀನಿ.”

ಅತ್ತೆ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಮರುದಿನ ಬೆಳಕು ಹರಿಯುತ್ತಲೇ ಮೂವರೂ ಹೊಲದ ಬದುವಿಗೆ ಹೋದೆವು. ಮೋಡ ಕವಿದಿತ್ತು. ಬಹಳ ಹೊತ್ತು ಕೂಗು ಮಾತ್ರ ಕೇಳಿಸಿತು. ನನ್ನ ಕಾಲು ಜೋಮು ಹಿಡಿದಿತ್ತು. ಏಳಬೇಕು ಎನ್ನುವಷ್ಟರಲ್ಲಿ ಕಾರಿ ಗಿಡದ ಮರೆಯಿಂದ ಅದು ಹೊರಗೆ ಬಂತು. ಬಾಲವನ್ನು ನೆಲಕ್ಕೆಳೆಯುತ್ತ ನಾಲ್ಕು ಹೆಜ್ಜೆ ಇಟ್ಟಿತು, ನಿಂತಿತು, ಸರ್ರನೆ ಗರಿ ಬಿಚ್ಚಿತು. ಆಯಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು.

“ಅಲುಗಾಡಬ್ಯಾಡ... ಕುತ್ತಿಗಿ ನೋಡು, ಕುತ್ತಿಗಿ! ಆ ಬಣ್ಣ ನೋಡು!”

ಆಯಿ ತನ್ನ ಸೆರಗು ನೋಡಿಕೊಂಡಳು. ಮತ್ತೆ ನವಿಲು ನೋಡಿದಳು. ಆಮೇಲೆ ಸೊಂಟದ ಎಲೆಸಂಚಿಯಿಂದ ಕತ್ತರಿ ತೆಗೆದು ಸೆರಗಿಗೇ ಹಾಕಿದಳು!

“ಅವ್ವಾ! ಏನ್ ಮಾಡಾಕತ್ತೀದಿ? ಹುಚ್ಚ ಹಿಡೀತೇನು?” ಅತ್ತೆ ಕಿರುಚಿದಳು. ನವಿಲು ಹಾರಿಹೋಯಿತು.

“ಇರಲಿ ಬಿಡ. ಕಣ್ಣಾಗ ಇದ್ದಾಗೇ ಕತ್ತರಿಸಬೇಕು, ಮನಿ ಮುಟ್ಟೂತನಾ ನೆಪ್ಪ ಇರ್ತದೇನು?” ಎಂದ ಆಯಿ ಅಲ್ಲೇ ಬದುವಿನ ಮೇಲೆ ಕೂತು ಕುತ್ತಿಗೆ, ಎದೆ, ಬಾಗಿದ ಬೆನ್ನು ಎಲ್ಲ ಕತ್ತರಿಸಿದಳು. ಅತ್ತೆ ಬಯ್ಯುತ್ತಲೇ ಹಾರಿಹೋದ ತುಂಡುಗಳನ್ನು ಆರಿಸಿ ಕೊಟ್ಟಳು.

ತುಂಡು ಸೆರಗು ಹೊದ್ದು ಆಯಿ ಊರಿಗೆ ಬಂದಾಗ ಅವ್ವ ಹಣೆ ಬಡಿದುಕೊಂಡಳು. ಅಕ್ಕ ಮಾತ್ರ ನವಿಲನ್ನು ಎದೆಗೊತ್ತಿಕೊಂಡು, “ಇದು ನಾನು! ಇದು ನಾನೇ!” ಎಂದು ಅತ್ತಳು, ನಕ್ಕಳು.

ಆದರೆ ಕೂಸು ಕಾಯಲಿಲ್ಲ. ಹೇಳಿದ ದಿನಕ್ಕಿಂತ ಮೊದಲೇ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಹದಿಮೂರೇ ದಿನ, ಕೌದಿ ಅರ್ಧ ಉಳಿದಿತ್ತು. ಖಾಲಾ ಮಷೀನು ಮುಚ್ಚಿಟ್ಟು ಸೂಜಿ ಹಿಡಿದು ಬಂದರು. ಅವ್ವ ಒಂದು ಅಂಚು, ಖಾಲಾ ಒಂದು ಅಂಚು, ಆಯಿ ನಡುವೆ. ನಾನು ದಾರ ಪೋಣಿಸಿ ಪೋಣಿಸಿ ಕೊಟ್ಟೆ. ತೊಟ್ಟಿಲ ದಿನ ಬೆಳಿಗ್ಗೆ ಒಂದು ಮೂಲೆ ಬಿಟ್ಟು ಎಲ್ಲ ಮುಗಿದಿತ್ತು.

ಅಕ್ಕನ ಅತ್ತೆ ಮಾವ ಸೇಡಂನಿಂದ ಬಂದರು. ಬೀಗತಿ ಕೌದಿಯ ಮೇಲೆ ಕೈಯಾಡಿಸುತ್ತ ಒಂದೊಂದನ್ನೇ ಕೇಳಿ ತಿಳಿದುಕೊಂಡರು. ಅವರ ಮುಖ ಸಪ್ಪಗಾಯಿತು. “ಎಲ್ಲಾ ನಿಮ್ಮ ಮಂದೀನೇ ಅದಾರ. ನಮ್ಮ ಮನಿಯವರು ಯಾರೂ ಇಲ್ಲೇನ್ರಿ ಇದರಾಗ?”

ಆಯಿ ಖಾಲಿ ಮೂಲೆ ತೋರಿಸಿದಳು. “ಕುಂದ್ರಿ ಬೀಗತೆವ್ವ. ನಿಮಗಂತೇ ಆ ಮೂಲಿ ಬಿಟ್ಟೀನಿ. ಏನು ಹಾಕಲಿ ಹೇಳ್ರಿ.”

“ನಮ್ಮ ಎತ್ತು ಹಾಕ್ರಿ!” ಎಂದವರೇ ಬೀಗತಿ ಎದ್ದು ಪಡಸಾಲೆಗೆ ಹೋಗಿ, ಗಂಡಸರ ನಡುವೆ ಕೂತಿದ್ದ ಗಂಡನ ಹೆಗಲ ಮೇಲಿನ ವಲ್ಲಿ ಎಳೆದುಕೊಂಡರು. “ಕೊಡ್ರಿ ಇಲ್ಲಿ ಅದನ್ನ.” ಆ ಮನುಷ್ಯ ಏನೂ ತಿಳಿಯದೆ ಹೆಂಡತಿಯ ಹಿಂದೆಯೇ ಎದ್ದು ಬಂದರು.

ಆಯಿ ಕತ್ತರಿಯನ್ನು ನನ್ನ ಕೈಗಿಟ್ಟಳು. “ನೀ ಮಾಡು.”

ಅಷ್ಟು ಜನರ ಮುಂದೆ! ವಲ್ಲಿಗೆ ಕತ್ತರಿ ಹಾಕಿದೆ. ಹೊಟ್ಟೆ, ಕಾಲು, ಬೆನ್ನ ಮೇಲೆ ಉಬ್ಬಿದ ಹಿಣಿಲು ಚೆನ್ನಾಗಿಯೇ ಬಂದವು. ಕೊನೆಗೆ ಕತ್ತರಿ ಜಾರಿ ಒಂದು ಕೋಡು ಅರ್ಧಕ್ಕೆ ಕಡಿದುಹೋಯಿತು. ಅಳು ಬಂತು. ಆಗ ಅಕ್ಕನ ಮಾವ ಬಗ್ಗಿ ನೋಡಿ, “ಅರೇ, ಇದು ನಮ್ಮದೇ! ನಮ್ಮ ಎಡಗಡಿ ಎತ್ತಿಗೂ ಒಂದು ಕೋಡು ಮುರದದ. ನೀ ಯಾವಾಗ ನೋಡಿದ್ದೆವ್ವಾ?” ಎಂದರು. ಆಯಿ ಆ ಎತ್ತನ್ನು ಹಾಗೆಯೇ ಹೊಲಿದಳು. ಮಧ್ಯಾಹ್ನ ಕೂಸು ಅದರ ಮೇಲೆಯೇ ಮಲಗಿತು.

ಐದನೇ ತಿಂಗಳಿಗೆ ಅಕ್ಕನನ್ನು ಕಳಿಸಲು ಸೇಡಂಗೆ ಹೋದಾಗ, ನಾನು ನೀರು ಕುಡಿಯುವುದಕ್ಕೂ ನಿಲ್ಲದೆ ಕೊಟ್ಟಿಗೆಗೆ ಓಡಿದೆ. ಎಡಗಡೆಯ ಎತ್ತು ಮೇವು ತಿನ್ನುತ್ತಿತ್ತು.

“ಮಾವಾರ, ಇದಕ್ಕ ಎರಡೂ ಕೋಡು ಅದಾವಲ್ಲ!”

ಕಣಿಕೆ ಹಾಕುತ್ತಿದ್ದ ಅವರು ತಿರುಗಿ ಎತ್ತನ್ನು ನೋಡಿದರು, ನನ್ನನ್ನೂ ನೋಡಿದರು. “ಹೌದಲ್ಲವ್ವಾ. ಮತ್ತ ಬೆಳದದ ನೋಡು,” ಎಂದು ನನ್ನ ಕೈಗೂ ಒಂದು ಹಿಡಿ ಮೇವು ಕೊಟ್ಟರು.