ಅಡವಿಯಲ್ಲಿ ನಿಲ್ಲಿಸದ ಕಂಡಕ್ಟರ್

ಮಾಳಪ್ಪ ಕಾಕಾ ಬಾಯಿ ತೆರೆಯುವ ಮೊದಲು ಅವರ ಬಲಗೈ ಮಾತಾಡುತ್ತಿತ್ತು. ಆ ಕೈಯಲ್ಲಿ ಸದಾ ಒಂದು ಹಳೆಯ ಟಿಕೆಟ್ ಪಂಚು. ಡಿಪೋಗೆ ಟಿಕೆಟ್ ಮಷೀನು ಬಂದ ಮೇಲೆ ಅದು ಯಾರಿಗೂ ಬೇಡವಾಗಿ ಅವರ ಜೇಬಿನಲ್ಲೇ ಉಳಿದಿತ್ತು. ತೂತು ಮಾಡಲು ಟಿಕೆಟ್ಟಿಲ್ಲದೆ ಅವರು ಅದನ್ನು ಗಾಳಿಯಲ್ಲಿ ಒತ್ತುತ್ತಿದ್ದರು. ಬಸ್ಸಿನ ಗಂಟೆಯ ಲೆಕ್ಕವೇ ಅದಕ್ಕೂ: ಒಂದು ಸಲ 'ಕಟ್' ಅಂದರೆ ನಿಲ್ಲು, ಎರಡು ಸಲ ಅಂದರೆ ಆಗಲಿ, ಹೊರಡು. ಅವರ ಮಗಳು ರೇಣವ್ವ ಒಳಗಿನಿಂದ, "ಚಾ ಇಡ್ಲೇನಪ್ಪಾ?" ಎಂದು ಕೇಳಿದರೆ ಅಂಗಳದಿಂದ 'ಕಟ್ ಕಟ್' ಎಂದು ಉತ್ತರ ಬರುತ್ತಿತ್ತು.

"ಬಾಯಿಗೇನು ಬೀಗ ಬಿದ್ದೈತೇನು?" ಎಂದು ಅವಳು.

'ಕಟ್.' ಅಂದರೆ, ಸಾಕು, ನಿಲ್ಲಿಸು.

ನಾರಾಯಣಪೇಟೆಯಿಂದ ಮಖ್ತಲ್, ಮಖ್ತಲ್‌ನಿಂದ ಗದ್ವಾಲ್. ತಲೆ ಬೆಳ್ಳಗಾಗುವವರೆಗೆ ಅವರು ಆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮುಖ ನೋಡಿದರೇ ಮಂದಿಯ ಭಾಷೆ ಗೊತ್ತಾಗುತ್ತಿತ್ತಂತೆ. ಒಬ್ಬರಿಗೆ "ಮುಂದುಕು ಜರಗಂಡಿ", ಇನ್ನೊಬ್ಬರಿಗೆ "ಆಗೇ ಸರ್ಕೋ ಭಾಯ್", ಮತ್ತೊಬ್ಬರಿಗೆ "ಮುಂದ ಸರೀರಿ ಯಜಮಾನ್ರ". ಮಖ್ತಲ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನಾನು ಊರಿನ ಒಂದು ಆನ್‌ಲೈನ್ ಸೆಂಟರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ದಿನವೂ ಡೈರಿ ಬರೆಯುತ್ತೇನೆ. ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂಬುದೂ ಅದರಲ್ಲಿರುತ್ತದೆ. ಒಂದು ದಿನ ಅದನ್ನು ಕಂಡ ಕಾಕಾ, "ನೀ ಡಿಪೋದಾಗ ಹುಟ್ಟಬೇಕಾಗಿತ್ತು ನೋಡವ್ವ" ಅಂದರು. ಅವತ್ತಿನಿಂದ ನಾನು ಅವರಿಗೆ 'ಲೆಕ್ಕದವ್ವ'.

ನಮ್ಮ ಮನೆಯ ಮೂಲೆಯಲ್ಲಿ, ಸೆಂಟರಿನವರು ಬೇಡವೆಂದು ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪೊಂದರಲ್ಲಿ ನಾನು ಹಾಡಿನ ಸರ್ವರ್ ಕೂಡಿಸಿದ್ದೆ. ಹಾಡುಗಳೆಲ್ಲ ಅದರಲ್ಲಿರುತ್ತವೆ. ಮನೆಯ ಯಾವ ಫೋನಿನಲ್ಲಿ, ಯಾವ ಸ್ಪೀಕರಿನಲ್ಲಿ ಬೇಕೋ ಅಲ್ಲಿಗೆ ವೈಫೈ ಮೂಲಕ ಬಂದು ನುಡಿಯುತ್ತವೆ. ಕಾಕಾ ಅದರ ಮುಂದೆ ಬಗ್ಗಿ ನೋಡಿ, "ಬಸ್‌ಸ್ಟ್ಯಾಂಡ್ ಇದ್ದಂಗ ಐತಲ್ಲ ಇದು. ಎಲ್ಲಾ ಇಲ್ಲೇ ನಿಂತಿರ್ತಾವು, ಕರದ ಕಡಿ ಹೋಗ್ತಾವು" ಅಂದರು. ಮಾರನೆಯ ವಾರ ಒಂದು ತಗಡಿನ ಡಬ್ಬಿ ಹೊತ್ತುಕೊಂಡು ಬಂದರು. ಒಳಗೆ ಹದಿನೇಳು ಕ್ಯಾಸೆಟ್ಟು.

ಅದರಲ್ಲಿದ್ದದ್ದು ಅವರ ಅಣ್ಣ ಸಿದ್ದಪ್ಪನ ಹಾಡು. ಕೂಸಾಗಿದ್ದಾಗಲೇ ಅಡವಿಯ ಪಾಲಾದ ಕುರುಬರ ದೇವರು ಬೀರಪ್ಪನ ಉದ್ದನೆಯ ಕತೆ. ಅಣ್ಣ ಮುಂದೆ ನಿಂತು ಹಾಡುತ್ತಿದ್ದರು, ಕಾಕಾ ಹಿಂದೆ ನಿಂತು ಪ್ರತಿ ಸಾಲಿಗೆ 'ಹೌದು' ಕೊಡುತ್ತಿದ್ದರು. ಡ್ಯೂಟಿ ಇಲ್ಲದ ದಿನ ಟೇಪ್‌ರೆಕಾರ್ಡರ್ ಹೊತ್ತು ಅಣ್ಣನ ಜೊತೆ ಗುಂಡುಮಾಲ್, ಮರಿಕಲ್, ಮಾನೋಪಾಡು ಎಂದು ತಿರುಗಿ ತುಂಬಿಸಿಕೊಂಡದ್ದು. ಊರುಗಳು ಬೇರೆ ಬೇರೆ, ಕತೆ ಮಾತ್ರ ಒಂದೇ. ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕ್ಯಾಸೆಟ್ ನುಡಿಸುವ ಯಂತ್ರವೂ ಕೆಟ್ಟಿತ್ತು.

ಒಂದು ಯಂತ್ರ ಹುಡುಕಿ ತಂದು, ಸದ್ದು ಹೊರಗೆ ಬರದಂತೆ ಧ್ವನಿ ಮುಚ್ಚಿಟ್ಟು, ಒಂದೊಂದೇ ಬದಿಯನ್ನು ಕಂಪ್ಯೂಟರಿಗೆ ಇಳಿಸಿದೆ. ಹದಿನೇಳು ಕ್ಯಾಸೆಟ್ಟಿಗೆ ಮೂವತ್ತನಾಲ್ಕು ಬದಿ, ಒಂದೊಂದು ಅರ್ಧ ಗಂಟೆ. ಒಂದೊಂದಕ್ಕೂ ಡೈರಿಯಲ್ಲಿ ನಂಬರು ಬರೆದುಕೊಂಡೆ. ಕಾಕಾನಿಗೆ ನಮ್ಮ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದರಿಂದ ಅವರ ಮಂಚದ ಪಕ್ಕದಲ್ಲೇ ಒಂದು ಸ್ಪೀಕರ್ ಇಟ್ಟೆ. ಬೆಳಿಗ್ಗೆ ಆರಕ್ಕೆ ಮೊದಲ ಬದಿ ಹಚ್ಚಿದೆ. ಅಣ್ಣನ ದನಿ ಬರುತ್ತಿದ್ದಂತೆ ಕಾಕಾ ಎದ್ದು ನಿಂತರು. ನಿಂತೇ ಕೇಳಿದರು. ಅರ್ಧ ಗಂಟೆಯಾಯಿತು, ಬದಿ ಮುಗಿಯಿತು. ತಕ್ಷಣ ಸರ್ವರ್ ತನಗೆ ತೋಚಿದಂತೆ ನನ್ನದೊಂದು ಸಿನಿಮಾ ಹಾಡು ಹಚ್ಚಿತು.

ಪಂಚು 'ಕಟ್' ಅಂದಿತು.

"ಏನ್ ಮಾಡಿದಿ ಲೆಕ್ಕದವ್ವ! ಕೂಸು ಅಡವ್ಯಾಗ ಐತಿ ಈಗ. ದೇವರನ್ನ ಅಡವ್ಯಾಗ ಬಿಟ್ಟು ಎದ್ದು ಹೋಗಬಾರದು."

ನನಗೆ ತಿಳಿಯಲಿಲ್ಲ. ಆಗ ಕೂತು ಹೇಳಿದರು. ಹಾಡುವವರಿಗೆ ದಣಿವಾದರೆ ನಿಲ್ಲಿಸಬಹುದು, ಮಳೆ ಬಂದರೆ ನಿಲ್ಲಿಸಬಹುದು. ಆದರೆ ಕತೆಯೊಳಗಿನ ದೇವರು ಒಂದು ಆಸರೆಗೆ ತಲುಪಿರಬೇಕು. "ನೆಳ್ಳು, ನೀರು, ಮಂದಿ. ಮೂರರಾಗ ಒಂದರ ಇರಬೇಕು. ಬಸ್ಸೂ ಹಂಗ. ಪ್ಯಾಸೆಂಜರ್ ಬೈದಾನಂತ ನಡು ಅಡವ್ಯಾಗ ಇಳಿಸ್ತೀವೇನು? ಸ್ಟಾಪು ಇರೂ ಸ್ಟೇಜಿನ್ಯಾಗೇ ಇಳಿಸಬೇಕು." ಕ್ಯಾಸೆಟ್ಟಿಗೆ ಈ ನಿಯಮ ಗೊತ್ತಿರಲಿಲ್ಲ. ಅರ್ಧ ಗಂಟೆಯಾದರೆ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. "ಹಂಗಾದಾಗ ಅಣ್ಣ ಊಟಕ್ಕ ಕುಂಡ್ರುತ್ತಿರಲಿಲ್ಲ. ಟೇಪು ಇಲ್ಲದಿದ್ರೂ ಹಾಡಿ, ಕೂಸನ್ನ ಹಟ್ಟಿಗೆ ಮುಟ್ಟಿಸಿ ಕೈ ತೊಳೀತಿದ್ದ."

ಆ ವಾರ ನಾನು ಸರ್ವರಿಗೆ ಒಂದು ಸಣ್ಣ ಸೇರ್ಪಡೆ ಬರೆದೆ. ಹಾಡಿನೊಳಗೆ ನಿಲುಗಡೆಯ ಗುರುತು ಹಾಕುವುದು. ನಿಲ್ಲಿಸು ಎಂದು ಒತ್ತಿದರೂ ಅದು ಮುಂದಿನ ಗುರುತಿನವರೆಗೆ ನುಡಿದೇ ನಿಲ್ಲುವುದು. ಬದಿ ಮುಗಿದರೆ ತಾನೇ ಮುಂದಿನ ಬದಿ ಹತ್ತುವುದು. ಗುರುತು ಎಲ್ಲೆಲ್ಲಿ ಎಂಬುದು ಮಾತ್ರ ಕಾಕಾನಿಗೆ ಗೊತ್ತು. ಹಾಗಾಗಿ ದಿನಾ ಬೆಳಿಗ್ಗೆ ಒಂದು ಬದಿ. ಅವರು ಕಣ್ಣು ಮುಚ್ಚಿ ಕೇಳುವರು. ದೇವರು ಮರದ ನೆರಳಿಗೋ ಬಾವಿಯ ಕಟ್ಟೆಗೋ ಬಂದಾಗ 'ಕಟ್'. ನಾನು ಒತ್ತುವೆ. ಒಂದೊಂದು ಬದಿಯಲ್ಲಿ ಕಾಕಾ ಎಷ್ಟು ಸಲ 'ಹೌದು' ಅಂದಿದ್ದಾರೆ ಎಂಬುದನ್ನೂ ಎಣಿಸಿ ಡೈರಿಯಲ್ಲಿ ಬರೆಯುತ್ತಿದ್ದೆ. ಗುರುತುಗಳನ್ನು ಬರೆಯಲಿಲ್ಲ. ಅವು ಯಂತ್ರದಲ್ಲಿವೆಯಲ್ಲ ಎಂದುಕೊಂಡೆ.

ಐದನೆಯ ದಿನ ಕೇಳಿದೆ, "ಮೂವತ್ತನಾಲ್ಕರಾಗ ಕತಿ ಮುಗೀತದೇನ್ರಿ ಕಾಕಾ?"

"ಎಲ್ಲಿ ಮುಗೀತದವ್ವ. ಕ್ಯಾಸೆಟ್ ಮುಗೀತು. ಉಳಿದದ್ದು ಮುಂದಿನ ಸಲ ತುಂಬೋಣಂದ ಅಣ್ಣ. ಆ ಮುಂದಿನ ಸಲ ಬರಲೇ ಇಲ್ಲ. ಕಡೀ ಕ್ಯಾಸೆಟ್ಟಿನ್ಯಾಗ ದೇವ್ರು ಅಡವ್ಯಾಗೇ ಅದಾನ."

"ನಿಮಗ ಬರ್ತದಲ್ರಿ, ನೀವು ಹಾಡ್ರಿ."

"ಬರ್ತೈತಿ. ಆದ್ರ ನಾ ಹಿಂದ ಅನ್ನಾಂವ. ಮುಂದ ನಿಂತು ಎಂದೂ ಅಂದಿಲ್ಲ."

ರೊಟ್ಟಿ ಬಡಿಯುತ್ತಿದ್ದ ರೇಣವ್ವ ಒಳಗಿನಿಂದಲೇ ನಕ್ಕಳು. "ಮನ್ಯಾಗ ನಮ್ಮ ಮುಂದ ಭಾರಿ ದನಿ. ಹೊರಗ ಬರೇ ಹೌದಪ್ಪ!"

ಕಾಕಾ ಪಂಚನ್ನು ಕೈಯಲ್ಲಿ ಒಮ್ಮೆ ತಿರುಗಿಸಿದರು. "ಆತು, ಹಾಡ್ತೀನಿ. ಆದ್ರ ಎಲ್ಲಾ ಸ್ಟೇಜ್ ಮುಗೀಬೇಕು. ಅಣ್ಣ ಎಲ್ಲಿ ಬಿಟ್ಟಾನ ಅಲ್ಲಿಂದ್ಲೇ ನಾ ಹತ್ತಬೇಕು. ನಡುವ ಓಡಿ ಹತ್ತಾಕ ಬರೂದಿಲ್ಲ" ಅಂದರು. 'ಕಟ್ ಕಟ್.'

ಹತ್ತೊಂಬತ್ತು ಬದಿ ಮುಗಿದಿತ್ತು. ಆ ಭಾನುವಾರ ಕಾಕಾ ಉಸಿರಿನ ತಪಾಸಣೆಗೆ ಗದ್ವಾಲಿಗೆ ಹೋಗಿದ್ದರು. ಅಂದೇ ನಾನು ಸರ್ವರಿಗೆ ಹೊಸ ಆವೃತ್ತಿ ಹಾಕಲು ಕೂತೆ. ನಡುವೆ ಕರೆಂಟು ಹೋಯಿತು. ಬಂದ ಮೇಲೆ ಲ್ಯಾಪ್‌ಟಾಪು ಏಳಲಿಲ್ಲ. ಹಾಡುಗಳು ಬೇರೆ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದವು. ಹಾಗಾಗಿ ಎಲ್ಲ ಅಳಿಸಿ ಸರ್ವರನ್ನು ಮೊದಲಿನಿಂದ ಕೂಡಿಸಿದೆ, ನನ್ನ ಸೇರ್ಪಡೆಯನ್ನೂ ಹಾಕಿದೆ. ಮೂವತ್ತನಾಲ್ಕು ಬದಿಗಳನ್ನು ಡೈರಿ ಹಿಡಿದು ಒಂದೊಂದಾಗಿ ತಾಳೆ ನೋಡಿದೆ. ಒಂದೂ ಕಡಿಮೆಯಿರಲಿಲ್ಲ. 'ಎಲ್ಲ ಸರಿಯಾಗಿದೆ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಸೋಮವಾರ ಬೆಳಿಗ್ಗೆ ಕಾಕಾ ಹಿಂದಿನ ಬದಿಯನ್ನು ಒಮ್ಮೆ ಹಚ್ಚು ಅಂದರು. ಹಾಡು ನಡೆದಿರುವಾಗ ರೇಣವ್ವ ಚಹಾ ತಂದಳು. ಎಂದಿನಂತೆ ನಿಲ್ಲಿಸು ಎಂದು ಒತ್ತಿದೆ, ಮುಂದಿನ ಆಸರೆಗೆ ಹೋಗಿ ತಾನೇ ನಿಲ್ಲುತ್ತದೆಂಬ ಧೈರ್ಯದಲ್ಲಿ. ಹಾಡು ಅಲ್ಲೇ ಸಾಲಿನ ನಡುವೆ ಕಡಿದು ಹೋಯಿತು.

"ಅಡವ್ಯಾಗ ನಿಂತತಲ್ಲವ್ವ" ಅಂದರು ಕಾಕಾ.

ಗುರುತುಗಳು ಹಾಡಿನ ಕಡತದಲ್ಲಿರಲಿಲ್ಲ, ಸರ್ವರಿನ ಒಳಗಿದ್ದವು. ಅದನ್ನು ನಾನೇ ಅಳಿಸಿದ್ದೆ. ಅರವತ್ತೊಂದು ಗುರುತು, ಹತ್ತೊಂಬತ್ತು ಬೆಳಗು. ಎಣಿಸಿಟ್ಟದ್ದೆಲ್ಲ ಉಳಿದಿತ್ತು, ಎಣಿಸದೇ ಬಿಟ್ಟದ್ದು ಹೋಗಿತ್ತು. ಅದನ್ನು ಹೇಳುತ್ತ ಅತ್ತುಬಿಟ್ಟೆ. ಕಾಕಾ ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟರು.

"ಅಳ್ತಿ ಯಾಕ? ಬಸ್ ರಿವರ್ಸ್ ಆತು ಅಷ್ಟ. ಅಣ್ಣನ ಹಾಡು ಎರಡನೇ ಸಲ ಕೇಳಾಕ ಸಿಕ್ಕತಲ್ಲ ನನಗ. ಹಚ್ಚು, ಒಂದನೇದು ಹಚ್ಚು."

"ಕಾಕಾ, ಮೊದಲ ನೀವು ಹಾಡೂದು ಹಾಡಿಬಿಡ್ರಿ. ಗುರ್ತು ಆಮ್ಯಾಗ ಹಾಕೋಣ್ರಿ."

'ಕಟ್.' ಒಂದೇ ಸಲ. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನಿಸುತ್ತದೆ.

ಎರಡನೆಯ ಸುತ್ತಿನಲ್ಲಿ ಪ್ರತಿ ಗುರುತನ್ನೂ ಡೈರಿಯಲ್ಲಿ ಬರೆದೆ, ಹಾಡಿನ ಪಕ್ಕದ ಕಡತದಲ್ಲಿ ಉಳಿಸಿದೆ, ಅದರದೊಂದು ನಕಲನ್ನು ಫೋನಿನಲ್ಲೂ ಇಟ್ಟೆ. ಕಾಕಾ ಮೊದಮೊದಲು ಅಂಗಳದಲ್ಲಿ ಕೂತು ಕೇಳಿದರು. ಇಪ್ಪತ್ತನೆಯ ಬದಿಯ ಹೊತ್ತಿಗೆ ಗೋಡೆಗೆ ಒರಗಿ. ಇಪ್ಪತ್ತೆಂಟರ ಹೊತ್ತಿಗೆ ಮಂಚದ ಮೇಲೆ, ಬೆನ್ನಿಗೆ ಮೂರು ದಿಂಬು. ಎದೆಯಲ್ಲಿ ನೀರು ತುಂಬುತ್ತಿದೆ ಎಂದಿದ್ದರು ಡಾಕ್ಟರು. ಪಂಚು ಒತ್ತಲು ಎರಡೂ ಕೈ ಬೇಕಾಗುತ್ತಿತ್ತು. ಆದರೂ ಒಂದು ಬೆಳಗನ್ನೂ ಬಿಡಲಿಲ್ಲ. ನಾನು ತಡವಾಗಿ ಹೋದರೆ, "ಡ್ರೈವರ್ ಲೇಟ್ ಬಂದ್ರ ಪ್ಯಾಸೆಂಜರ್ ಕಂಡಕ್ಟರಿಗೆ ಬೈತಾರವ್ವ" ಅನ್ನುತ್ತಿದ್ದರು.

ಮೂವತ್ಮೂರನೆಯ ಬದಿ ಮುಗಿದ ಮಧ್ಯಾಹ್ನ ಅವರನ್ನು ಗದ್ವಾಲಿನ ಆಸ್ಪತ್ರೆಗೆ ಸೇರಿಸಿದರು. ಅಂದು ಸಂಜೆ ಕೂತು, ಮನೆಯ ಸರ್ವರಿನ ಹಾಡು ಹೊರಗಿನ ಫೋನಿಗೂ ಬರುವಂತೆ ದಾರಿ ಮಾಡಿದೆ. ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ಜುರಾಲ ಆಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಒಮ್ಮೆ ಹಚ್ಚಿ ಪರೀಕ್ಷಿಸಿದೆ. ಮಖ್ತಲ್‌ನ ಮೂಲೆಯಿಂದ ಸಿದ್ದಪ್ಪನ ದನಿ ಕೃಷ್ಣೆಯ ಮೇಲೂ ಬಂತು.

ವಾರ್ಡಿನಲ್ಲಿ ಕಾಕಾ ಬಹಳ ಸಣ್ಣಗೆ ಕಂಡರು. ನನ್ನನ್ನು ನೋಡಿ, "ಎಷ್ಟನೇದು?" ಅಂದರು.

"ಮೂವತ್ನಾಲ್ಕ್ರಿ. ಕಡೀದು."

ಪಂಚು ಮಖ್ತಲ್‌ನಲ್ಲೇ ಉಳಿದಿತ್ತು. ಒಂದು ಇಯರ್‌ಫೋನ್ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ನನ್ನ ಮಣಿಕಟ್ಟನ್ನು ಅವರು ಎರಡು ಬೆರಳಲ್ಲಿ ಹಿಡಿದುಕೊಂಡರು. ಹಾಡು ಹೊರಟಿತು. ದೇವರು ಒಂದು ಬಾವಿಯ ಹತ್ತಿರ ಬಂದಾಗ ಮೆಲ್ಲಗೆ ಒತ್ತಿದರು. ಹದಿನೆಂಟನೆಯ ನಿಮಿಷದಲ್ಲಿ, ದೇವರು ಕುರಿಗಳ ಹಟ್ಟಿಗೆ ಬಂದಾಗ, ಮತ್ತೆ ಒಂದು ಸಲ ಒತ್ತಿದರು. ಈ ಸಲ ಬೆರಳು ಬಿಡಲಿಲ್ಲ.

"ಇಲ್ಲೇ ನಿಲ್ಸು" ಅಂದರು. "ಮುಂದ ಬರೇ ಅಡವಿನೇ. ಅದರಾಗ ಹೋದ್ರ ನಾ ಹಾಡಿ ಹೊರಗ ತರಬೇಕು. ಇವತ್ತು ದಮ್ಮಿಲ್ಲ. ನಾಳೆ ಬಾ. ಉಳಿದದ್ದು ಕೇಳಿ, ಅಲ್ಲಿಂದ ನಾ ಹಾಡ್ತೀನಿ."

"ಬರ್ತೀನ್ರಿ."

"ಜಲ್ದಿ ಬಾ. ಮೊದಲ್ನೇ ಬಸ್ಸಿಗೆ."

ಮೊದಲನೆಯ ಬಸ್ಸಿಗೇ ಹೋದೆ. ವಾರ್ಡಿನ ಬಾಗಿಲಲ್ಲಿ ರೇಣವ್ವ ಕೂತಿದ್ದಳು. ಒಳಗೆ ಕಾಕಾನ ಮಂಚ ಖಾಲಿಯಾಗಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ಡೈರಿ ತೆಗೆದೆ. ನಾನು ಗುರುತುಗಳನ್ನು ಅಳಿಸದೇ ಇದ್ದಿದ್ದರೆ ಮೂವತ್ತನಾಲ್ಕನೆಯ ಬದಿ ಹತ್ತೊಂಬತ್ತು ದಿನ ಮೊದಲೇ ಮುಗಿಯುತ್ತಿತ್ತು. ಪುಟ ತಿರುವಿ ಆ ದಿನಕ್ಕೆ ಹೋದೆ. ನನ್ನದೇ ಅಕ್ಷರ: 'ಇಂದು ಕಾಕಾ ಹಾಲಿನವನ ಜೊತೆ ಜಗಳ ಆಡಿದರು. ದನಿ ಗಲ್ಲಿಯ ತುದಿಯವರೆಗೆ ಕೇಳಿಸಿತು.' ಅಷ್ಟು ಉಸಿರಿತ್ತು ಅವತ್ತು. ಅದನ್ನು ರೇಣವ್ವನಿಗೆ ತೋರಿಸಿದೆ. ಬೈಯಲಿ ಎಂದೇ ತೋರಿಸಿದೆ. ಅವಳು ಓದಿ, "ಹಾಲಾಗ ನೀರು ಭಾಳ ಇತ್ತವ್ವ ಅವತ್ತು" ಅಂದು ಡೈರಿ ಮಡಚಿ ಕೊಟ್ಟಳು.

ಈಗ ಸೋಮವಾರಗಳಂದು ಬೆಳಿಗ್ಗೆ ನಾವಿಬ್ಬರೂ ಅವರ ಮಂಚದ ಬಳಿ ಕೂತು ಒಂದು ಬದಿ ಕೇಳುತ್ತೇವೆ. ಪಂಚು ರೇಣವ್ವನ ಕೈಯಲ್ಲಿರುತ್ತದೆ. ಹೋದ ವಾರ ಮೂವತ್ತನಾಲ್ಕನೆಯದರ ಸರದಿ. ಕೇಳುತ್ತಿದ್ದ ರೇಣವ್ವ, "ಇವತ್ತು ಪೂರಾ ಬಿಡು. ಅಪ್ಪ ಅದಾನಲ್ಲ ಅದರಾಗ, ಹೌದು ಹೌದು ಅನಕೋತ. ಕೇಳಬೇಕು ನನಗ" ಅಂದಳು. ಹಟ್ಟಿಯಿಂದ ಮುಂದಿನ ಭಾಗವನ್ನು ನಾನೂ ಕೇಳಿಲ್ಲ, ಕ್ಯಾಸೆಟ್ಟಿನಿಂದ ಇಳಿಸುವಾಗ ಧ್ವನಿ ಮುಚ್ಚಿದ್ದೆ. ಕಾಕಾ ನಿಲ್ಲಿಸಿದ ಆ ಕಡೆಯ ಗುರುತಿನಲ್ಲಿ ಹಾಡು ತಾನೇ ನಿಲ್ಲುವಂತೆ ಇಟ್ಟಿದ್ದೆ; ಅದನ್ನು ದಾಟಿಸಲು ಫೋನನ್ನು ಕೈಗೆ ತೆಗೆದುಕೊಂಡೆ. ದೇವರು ಹಟ್ಟಿಗೆ ಬಂದ. ಕುರಿಗಳು ಬಂದವು. ರೇಣವ್ವ ಕಣ್ಣು ಮುಚ್ಚಿ, ಎರಡೂ ಕೈಯಿಂದ ಪಂಚನ್ನು ಹಿಡಿದು, ಒಂದೇ ಒಂದು ಸಲ ಒತ್ತಿದಳು.

ನಾನು ಗುರುತು ದಾಟಿಸಲಿಲ್ಲ, ಹಾಡು ಅಲ್ಲೇ ನಿಂತಿತು. ಫೋನಿನ ಮೇಲೆ, ಉಳಿದಿರುವುದು ಹನ್ನೆರಡು ನಿಮಿಷ ಎಂದು ತೋರಿಸುತ್ತಿತ್ತು. ಮೂವತ್ಮೂರು ಬದಿಗಳ 'ಹೌದು'ಗಳೂ, ಕಡೆಯದರ ಹದಿನೆಂಟು ನಿಮಿಷದ 'ಹೌದು'ಗಳೂ ನನ್ನ ಡೈರಿಯಲ್ಲಿವೆ. ಆ ಹನ್ನೆರಡು ನಿಮಿಷದವು ಇಲ್ಲ. ಅಲ್ಲಿಗೆ ಜಾಗ ಖಾಲಿ ಬಿಟ್ಟಿದ್ದೇನೆ.