ಹೆಂಗಸು ಡ್ರೈವರೇ ಬೇಕು

ನಮ್ಮ ಅಣ್ಣನಿಗೆ ಗಂಡಸರ ಮೇಲೆ ನಂಬಿಕೆ ಇಲ್ಲ. ತಾನೂ ಒಬ್ಬ ಗಂಡಸು ಅನ್ನುವುದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಚ್ಚಲಮನೆಯ ಟೈಲ್ಸ್ ಮಾರುವ ಅಂಗಡಿಯಲ್ಲಿ ದಿನವಿಡೀ ಮಾತಾಡಿ ಬಂದರೂ ಮನೆಯಲ್ಲಿ ಬಾಯಿ ಮುಚ್ಚುವವನಲ್ಲ. "ಗಂಡಸರ ಬುದ್ಧಿ ನನಗೆ ಗೊತ್ತಿಲ್ವಾ?" ಅನ್ನುತ್ತಾನೆ. ಅಷ್ಟು ಖಚಿತವಾಗಿ ಹೇಗೆ ಗೊತ್ತು ಅಂತ ಅತ್ತಿಗೆ ಒಮ್ಮೆ ಕೇಳಿದಳು. ಆ ದಿನ ಅವನಿಗೆ ಊಟ ಸೇರಲಿಲ್ಲ.

ಹೇಳಹೊರಟದ್ದು ಅತ್ತಿಗೆಯ ವಿಷಯ. ಆದರೆ ನಮ್ಮ ಮನೆಯಲ್ಲಿ ಅವಳ ಬಗ್ಗೆ ಏನೇ ಶುರು ಮಾಡಿದರೂ ಅಣ್ಣ ಮುಂದಿನ ಸೀಟಿನಲ್ಲಿ ಬಂದು ಕೂತುಬಿಡುತ್ತಾನೆ.

ಅತ್ತಿಗೆಯ ಅಪ್ಪ ಲಾರಿ ಮೆಕ್ಯಾನಿಕ್. ಅವಳು ಗೇರು ಹಾಕಲು ಕಲಿತದ್ದು ಅವರ ಶೆಡ್ಡಿನಲ್ಲಿ, ಎಣ್ಣೆ ಹಿಡಿದ ಚಪ್ಪಲಿ ಮೆಟ್ಟಿಕೊಂಡು. ಅಪ್ಪ ತೀರಿಕೊಂಡ ಮೇಲೆ ಅವರ ಬೂದುಬಣ್ಣದ ಕಾರು ಅವಳ ಪಾಲಿಗೆ ಬಂತು. ಅದನ್ನು ಅವಳು ಫೋನಿನಲ್ಲಿ ಬುಕ್ ಮಾಡುವ ಟ್ಯಾಕ್ಸಿಗೆ ಸೇರಿಸಿದಳು. ಕಾರಿನಲ್ಲಿ ಕೂತರೆ ಅವಳ ಬೆನ್ನು ನೆಟ್ಟಗಾಗುತ್ತದೆ. ಆ ಬೆನ್ನನ್ನು ನಾನು ಅಡುಗೆಮನೆಯಲ್ಲಿ ಒಮ್ಮೆಯೂ ಕಂಡಿಲ್ಲ. ಹತ್ತಿದ ಹೆಂಗಸರು "ಅಬ್ಬಾ, ಸದ್ಯ!" ಅಂದು ಹಿಂದಿನ ಸೀಟಿಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಗಂಡಸರು ಮಾತ್ರ ಇಲ್ಲದ ಬ್ರೇಕನ್ನು ಕಾಲಲ್ಲಿ ತುಳಿಯುತ್ತಾ ದಾರಿಯುದ್ದಕ್ಕೂ ಪಾಠ ಹೇಳುತ್ತಿದ್ದರು.

ಅಷ್ಟರಲ್ಲಿ ಕಂಪನಿಯವರು ಒಂದು ಹೊಸ ಬಟನ್ ತಂದರು. ಹೆಂಗಸರು ಹೆಂಗಸು ಡ್ರೈವರೇ ಬೇಕೆಂದು ಕೇಳಬಹುದು, ಹೆಂಗಸು ಡ್ರೈವರು ತನಗೆ ಬೇಕೆನಿಸಿದಾಗ ಹೆಂಗಸರನ್ನಷ್ಟೇ ಹತ್ತಿಸಿಕೊಳ್ಳಬಹುದು. ಒಳ್ಳೆಯದೇ. ಅತ್ತಿಗೆ ಕತ್ತಲಾಗುವ ಹೊತ್ತಿಗೆ ಅದನ್ನು ಹಾಕಿಕೊಳ್ಳುತ್ತಿದ್ದಳು, ಬೆಳಗ್ಗೆ ತೆಗೆಯುತ್ತಿದ್ದಳು. ಯಾವಾಗ ಬೇಕು ಯಾವಾಗ ಬೇಡ ಅನ್ನುವುದು ಓಡಿಸುವವಳಿಗೆ ಗೊತ್ತಿರುತ್ತದೆ. ಅಣ್ಣನಿಗೋ, ಬಟನ್ ತಾನೇ ಕಂಡುಹಿಡಿದಷ್ಟು ಸಂಭ್ರಮ. ನನ್ನ ಫೋನಿನಲ್ಲಿ ಒತ್ತಿದ, ಆಮೇಲೆ ಅತ್ತಿಗೆಯ ಫೋನಿನಲ್ಲೂ ಒತ್ತಿದ. "ಇದನ್ನ ಹಗಲೂ ರಾತ್ರಿ ತೆಗೀಬೇಡ," ಅಂದ. ಆಯ್ಕೆ ಹೆಂಗಸರದು, ಬೆರಳು ಮಾತ್ರ ಅವನದು.

ಒಂದು ಮಧ್ಯಾಹ್ನ ಹೆಂಗಸಿನ ಹೆಸರಲ್ಲಿ ಬುಕಿಂಗ್ ಬಂತು. ಹೋಗಿ ನೋಡಿದರೆ ಮೀಸೆ ಹೊತ್ತ ದೊಡ್ಡ ಮನುಷ್ಯ ಒಬ್ಬನೇ ನಿಂತಿದ್ದಾನೆ. "ಹೆಂಡತಿ ಫೋನಮ್ಮ. ನಾನೂ ಅವಳವನೇ ಅಲ್ವಾ? ಹೆಂಗಸರ ಕಾರಲ್ಲಿ ಸಿಗರೇಟ್ ವಾಸನೆ ಇರಲ್ಲ ನೋಡು," ಅಂದನಂತೆ. ಅತ್ತಿಗೆ ಬಾಗಿಲು ತೆಗೆಯಲಿಲ್ಲ. ಅವನು ಕಾರಿನ ಬಾನೆಟ್ ಗುದ್ದಿ ಬೈದ.

ಮನೆಗೆ ಬಂದು ಹೇಳಿದಳು. ಅಣ್ಣ ಅವನನ್ನು ಹುಡುಕಿಕೊಂಡು ಹೋದನೇ? ಇಲ್ಲ, ಅತ್ತಿಗೆಯ ಕೀಲಿ ಕಿತ್ತುಕೊಂಡು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. "ಬಟನ್ ಹಾಕಿದ್ರೂ ಗಂಡಸರೇ ಬರ್ತಾರೆ ಅಂದ್ರೆ ಈ ಕೆಲಸಾನೇ ಬೇಡ. ಕಾರು ಮಾರಿಬಿಡೋಣ. ಭಾನುವಾರ ನೋಡೋಕೆ ಬರ್ತಾರೆ." ತಪ್ಪು ಮಾಡಿದ್ದು ಮೀಸೆಯವನು, ಮಾರಾಟವಾಗುವುದು ಅತ್ತಿಗೆಯ ಅಪ್ಪನ ಕಾರು. ಅವಳು ಎರಡು ದಿನ ಸಂಜೆ ಹೊತ್ತು ಹೋಗಿ ನಿಂತ ಕಾರನ್ನೇ ಒರೆಸುತ್ತಿದ್ದಳು.

ಶುಕ್ರವಾರ ಸಂಜೆ ನಾನು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆ ಬಾಗಿಲು ಹಾಕುವ ಹೊತ್ತಾಯಿತು. ಕಾರು ಬುಕ್ ಮಾಡಲು ಹೋದರೆ, ಹತ್ತಿರದಲ್ಲಿ ಹೆಂಗಸು ಡ್ರೈವರ್ ಯಾರೂ ಇಲ್ಲ, ಬೇರೆಯವರು ಆಗಬಹುದೇ ಅಂತ ಫೋನು ಕೇಳಿತು. ಅಣ್ಣನಿಗೆ ತಿಳಿಸಿದೆ. "ಒತ್ತಬೇಡ! ಅಲ್ಲೇ ನಿಂತಿರು! ನಾನು ಕೇಳ್ತೀನಿ ಅವರನ್ನ!" ಅಂತ ಕಿರುಚಿದ.

ಮುಂದೆ ಮನೆಯಲ್ಲಿ ನಡೆದದ್ದನ್ನು ಅಮ್ಮ ನನಗೆ ಆಮೇಲೆ ಅಭಿನಯಿಸಿಯೇ ತೋರಿಸಿದಳು. ಅಣ್ಣ ಕಂಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿ, ನಡುಮನೆಯ ಉದ್ದಗಲ ಅಳೆಯುತ್ತಾ ಶುರು ಮಾಡಿದನಂತೆ: "ಏನ್ರೀ, ಇಷ್ಟು ದೊಡ್ಡ ಊರಲ್ಲಿ ಕಾರು ಓಡಿಸೋ ಒಬ್ಬ ಹೆಂಗಸು ಸಿಗಲ್ವಾ ನಿಮಗೆ? ನಮ್ಮ ಮನೆ ಹೆಣ್ಣುಮಗಳು ಬೀದೀಲಿ ನಿಂತಿದ್ದಾಳೆ!" ಕೈ ಮಾತ್ರ ಜೇಬಿನಲ್ಲಿ ಕೀಲಿ ಆಡಿಸುತ್ತಿತ್ತಂತೆ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಆ ಕಡೆಯ ಹುಡುಗಿ ತಾಳ್ಮೆಯವಳು. "ಕ್ಷಮಿಸಿ ಸಾರ್, ಮಹಿಳಾ ಡ್ರೈವರ್‌ಗಳು ನಮಗೆ ಬಹಳ ಕಡಿಮೆ. ಮನೆಯವರು ಒಪ್ಪಲ್ಲ ಸಾರ್. ನಿಮಗೆ ಗೊತ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಕಳಿಸಿ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಯಾರಾದ್ರೂ ಇದ್ದಾರೇನೋ ನಿನಗೆ ಗೊತ್ತಿರೋರು?" ಅಂತ ಕೇಳಿಯೇಬಿಟ್ಟಳು. ಅಣ್ಣ ಇಂಗು ತಿಂದ ಮಂಗನಂತಾದ. ಅತ್ತಿಗೆ ಬಟ್ಟೆ ಮಡಚುವುದನ್ನು ಬಿಟ್ಟು ಎದ್ದು ಬಂದು ಕೈ ಚಾಚಿದಳು.

"ಕೀಲಿ."

ಕೊಟ್ಟ. ಕೊಡದೆ ಏನು ಮಾಡುತ್ತಾನೆ?

ಬೂದುಬಣ್ಣದ ಕಾರು ಆಸ್ಪತ್ರೆಯ ಎದುರು ಬಂದು ನಿಂತಾಗ ನನಗೆ ಅಳು ಬಂತು. ದಾರಿಯುದ್ದಕ್ಕೂ ಅತ್ತಿಗೆಯ ಬೆನ್ನು ನೆಟ್ಟಗಿತ್ತು.

ಗೇಟಿನ ಹತ್ತಿರ ಅಣ್ಣ ಕಾದಿದ್ದ. ನಾನು ಇಳಿದದ್ದನ್ನು ನೋಡಿ ನಿಟ್ಟುಸಿರು ಬಿಟ್ಟ, ಆಮೇಲೆ ಏನೂ ಆಗದವನ ಹಾಗೆ ಅಂಗೈ ಮುಂದೆ ಮಾಡಿದ. ಅತ್ತಿಗೆ ಕೀಲಿಯನ್ನು ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಇದು ನಮ್ಮಪ್ಪನ ಕಾರು ರೀ. ಭಾನುವಾರ ಬರೋರಿಗೆ ಬರಬೇಡಿ ಅಂತ ಹೇಳಿ. ಯಾರನ್ನ ಹತ್ತಿಸ್ಕೋಬೇಕು, ಯಾರನ್ನ ಬಿಡಬೇಕು ಅನ್ನೋದನ್ನ ಇನ್ಮೇಲೆ ನಾನೇ ನೋಡ್ಕೋತೀನಿ."

ಅಣ್ಣ ಹಲ್ಲು ಬಿಟ್ಟು ತಮಾಷೆ ಮಾಡಲು ನೋಡಿದ. "ಆಯ್ತಮ್ಮ, ನನ್ನನ್ನಾದ್ರೂ ಹತ್ತಿಸ್ಕೋತೀಯಾ?"

ಅತ್ತಿಗೆ ನಗಲಿಲ್ಲ.

"ಬುಕ್ ಮಾಡಿ. ನೋಡೋಣ."